ಸ್ಯಾಂಡರಿಗೆ ಹಚ್ಚಿದ ಕುಂಕುಮ

ನಿಂಬೆಹಣ್ಣಿನ ಮೇಲೆ ಲಾರಿ ಹತ್ತಿಸಬಹುದು, ಸ್ಕೂಟರ್ ಹತ್ತಿಸಬಹುದು, ಬೇಕಾದರೆ ರೋಡ್ ರೋಲರನ್ನೂ ಹತ್ತಿಸಬಹುದು. ಮರ ಉಜ್ಜುವ ಸ್ಯಾಂಡರ್ ಹತ್ತಿಸಬಾರದು. ಇಷ್ಟು ತಿಳಿಯಲು ಯಾವ ಕಾಲೇಜಿಗೂ ಹೋಗಬೇಕಿಲ್ಲ. ಆದರೂ ನನ್ನ ಗಂಡನ ಅಣ್ಣನಿಗೆ, ಅಂದರೆ ನಮ್ಮ ಭಾವನಿಗೆ, ಇದು ತಿಳಿದಿರಲಿಲ್ಲ. ತಿಳಿಯದೆ ಮಾಡಿದರು ಅನ್ನುವುದಕ್ಕೆ ನನಗೆ ಸಿಟ್ಟಿಲ್ಲ. ಮಾಡಿದ್ದು ಅವರು, ಅನ್ನಿಸಿಕೊಂಡಿದ್ದು ನಾನು, ಅದಕ್ಕೆ ಸಿಟ್ಟು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಎಮ್ಮೆ ಸುಮ್ಮನಿತ್ತೇನೋ, ನಾನು ಇರಲಿಲ್ಲ.

ನಾನು ಹುಟ್ಟಿ ಬೆಳೆದಿದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ. ಅಪ್ಪ ಪ್ಯಾಟರ್ನ್ ಶಾಪಿನಲ್ಲಿ ಬಡಗಿ. ಕಬ್ಬಿಣದ ಎರಕ ಹೊಯ್ಯುವ ಮುಂಚೆ ಅದೇ ಆಕಾರದ ವಸ್ತುವನ್ನು ಮರದಲ್ಲಿ ಮಾಡಿಕೊಳ್ಳಬೇಕಲ್ಲ, ಅದು ಅವರ ಕೆಲಸ. ಮರದಲ್ಲಿ ಒಂದು ಗೀರು ಉಳಿದರೆ ಅದು ಕಬ್ಬಿಣದಲ್ಲೂ ಉಳಿಯುತ್ತದೆ. ಹಾಗಾಗಿ ಅಪ್ಪನಿಗೆ ನುಣುಪಿನ ಹುಚ್ಚು. ಮನೆಯಲ್ಲಿ ಚಪಾತಿ ಮಣೆಯಿಂದ ಹಿಡಿದು ಕಿಟಕಿಯ ಚೌಕಟ್ಟಿನವರೆಗೆ ಯಾವುದನ್ನೂ ಬಿಡುತ್ತಿರಲಿಲ್ಲ. ಸ್ಯಾಂಡ್ ಪೇಪರಿಗೆ ಪಕ್ಕದ ಮನೆಯ ತಮಿಳು ಅಜ್ಜಿ ‘ಉಪ್ಪುತಾಳ್’ ಎನ್ನುತ್ತಿದ್ದರು, ನಮ್ಮ ಮನೆಯಲ್ಲೂ ಅದೇ ಹೆಸರು ನಿಂತುಬಿಟ್ಟಿತು. ರಜೆಯ ದಿನ ಅಪ್ಪ ನನ್ನ ಕೈಗೊಂದು ಚೂರು ಉಪ್ಪುತಾಳ್ ಕೊಟ್ಟು ಹಲಗೆ ಉಜ್ಜಿಸುತ್ತಿದ್ದರು. “ಈಗ ಕಣ್ಮುಚ್ಕೊಂಡು ಸವರಿ ನೋಡು ಮಗ. ಕಣ್ಣಿಗೆ ಸಿಗದೇ ಇದ್ದಿದ್ದು ಬೆರಳಿಗೆ ಸಿಗತ್ತೆ” ಎನ್ನುತ್ತಿದ್ದರು. ನನಗೆ ಓದಿಗಿಂತ ಅದೇ ಹಿಡಿಸಿತು.

ಮದುವೆಯಾಗಿ ಬಂದದ್ದು ಶಿವಮೊಗ್ಗಕ್ಕೆ, ಗಾಂಧಿ ಬಜಾರಿನ ಒಂದು ಅಡ್ಡರಸ್ತೆಯಲ್ಲಿ ಫರ್ನಿಚರ್ ಅಂಗಡಿ ಇಟ್ಟುಕೊಂಡಿದ್ದ ಮನೆಗೆ. ಮುಂದೆ ಅಂಗಡಿ, ಹಿಂದೆ ಕೆಲಸದ ಶೆಡ್, ಮೇಲೆ ಮನೆ. ಅಂಗಡಿಯಲ್ಲಿ ಭಾವ ಕೂರುತ್ತಿದ್ದರು, ಶೆಡ್ಡಿನಲ್ಲಿ ನನ್ನವರು ಕೆಲಸದವರ ಜೊತೆ ಮಂಚ, ಮೇಜು ಮಾಡುತ್ತಿದ್ದರು. ಭಾವನದು ದೊಡ್ಡ ಬಾಯಿ. ನನ್ನವರಿಗೆ ಬಾಯಿ ಇದೆ ಅನ್ನುವುದು ಊಟದ ಹೊತ್ತಿಗೆ ಮಾತ್ರ ಗೊತ್ತಾಗುತ್ತಿತ್ತು. ಏನು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಉತ್ತರ. ಒಂದು ದಿನ ಕಾಫಿ ಕೊಡಲು ಶೆಡ್ಡಿಗೆ ಇಳಿದವಳು, ಒರಟಾಗಿ ಬಿಟ್ಟಿದ್ದ ಒಂದು ಕುರ್ಚಿಯ ಕೈ ನೋಡಿ ತಡೆಯಲಾರದೆ ಉಜ್ಜಲು ಕೂತೆ. ಆಮೇಲೆ ಉಜ್ಜುವ ಕೆಲಸ, ಪಾಲಿಶ್ ಕೆಲಸ ಎಲ್ಲ ತಾನಾಗಿ ನನ್ನ ಕೈಗೆ ಬಂತು. ಯಾರೂ ಬೇಡ ಅನ್ನಲಿಲ್ಲ. ಯಾಕೆ ಅಂತಾರೆ, ಪುಕ್ಕಟೆ ಸಿಕ್ಕಿದ ಕೈ.

ತೊಂಬತ್ತರ ದಶಕದ ಕೊನೆ. ಅಪ್ಪ ರಿಟೈರ್ ಆದ ವರ್ಷ ತರಕಾರಿ ಚೀಲವೊಂದನ್ನು ಎದೆಗವಚಿಕೊಂಡು ಭದ್ರಾವತಿ ಬಸ್ಸಿನಲ್ಲಿ ಬಂದರು. ಚೀಲದಲ್ಲಿ ತರಕಾರಿ ಇರಲಿಲ್ಲ, ಬೆಂಗಳೂರಿನಿಂದ ಯಾರ ಕೈಲೋ ತರಿಸಿದ ರ‍್ಯಾಂಡಮ್ ಆರ್ಬಿಟ್ ಸ್ಯಾಂಡರ್ ಇತ್ತು. ಒಂದು ಅಂಗೈಯಲ್ಲಿ ಹಿಡಿಯುವಷ್ಟು ಮಿಷನ್ನು. ಅಡಿಯಲ್ಲಿ ತೂತುಗಳಿರುವ ದುಂಡನೆಯ ಪ್ಯಾಡ್, ಆ ಪ್ಯಾಡಿಗೆ ಅಂಟಿಸುವ ದುಂಡನೆಯ ಪೇಪರ್. ಪ್ಯಾಡ್ ಬರೀ ತಿರುಗುವುದಿಲ್ಲ, ತಿರುಗುತ್ತಲೇ ಅತ್ತಿತ್ತ ಸಣ್ಣಗೆ ಅಲುಗುತ್ತದೆ. ಒಮ್ಮೆ ಹಾದ ದಾರಿಯಲ್ಲೇ ಮತ್ತೆ ಹಾಯುವುದಿಲ್ಲ, ಅದಕ್ಕೇ ಮರದ ಮೇಲೆ ಸುತ್ತಿನ ಗೀರು ಕೂರುವುದಿಲ್ಲ. ಧೂಳನ್ನು ಆ ತೂತುಗಳಿಂದಲೇ ಎಳೆದು ಹಿಂದಿನ ಬಟ್ಟೆ ಚೀಲಕ್ಕೆ ತುಂಬಿಕೊಳ್ಳುತ್ತದೆ. ಅಪ್ಪ ಹೇಳಿಕೊಟ್ಟಿದ್ದು ಒಂದೇ ಮಾತು. “ಒತ್ತಬೇಡ. ಅಂಗೈ ಇಟ್ಕೊಂಡು ಸುಮ್ನೆ ಕರ್ಕೊಂಡು ಹೋಗು, ಹಟ ಮಾಡೋ ಮಗೂನ ಸ್ಕೂಲಿಗೆ ಕರ್ಕೊಂಡು ಹೋದಂಗೆ.” ಹೊರಡುವಾಗ ಎಲ್ಲರೆದುರು ಇನ್ನೊಂದು ಮಾತು ಹೇಳಿದರು. “ಇದು ನನ್ ಮಗಳಿಗೆ ಕೊಟ್ಟಿದ್ದು.”

“ಬಿಡಿ ಬೀಗ್ರೆ, ಅವಳದ್ದೇನು, ಅಂಗಡೀದೇನು, ಎಲ್ಲ ಒಂದೇ ಅಲ್ವಾ” ಎಂದು ಭಾವ ನಕ್ಕರು. ಈ ‘ಎಲ್ಲ ಒಂದೇ’ ಅನ್ನುವ ಮಾತಿದೆಯಲ್ಲ, ಅದನ್ನು ಹೇಳುವವರು ಯಾವಾಗಲೂ ತೆಗೆದುಕೊಳ್ಳುವವರೇ, ಕೊಡುವವರಲ್ಲ.

ಅವತ್ತಿನಿಂದ ಒಂದು ನಾಟಕ ಶುರುವಾಯಿತು. ಶೆಡ್ಡಿನಲ್ಲಿ ಮಿಷನ್ ನನ್ನ ಕೈಯಲ್ಲಿ. ಗಿರಾಕಿ ಒಳಗೆ ಬರುತ್ತಾರೆ ಅಂದರೆ ಭಾವ ಮುಂದಿನಿಂದ ಕೆಮ್ಮುತ್ತಿದ್ದರು. ಕೆಮ್ಮು ಕೇಳಿದ ಕೂಡಲೇ ನನ್ನವರು ಬಂದು ಕೈ ಚಾಚಬೇಕು, ನಾನು ಮಿಷನ್ ಕೊಡಬೇಕು. ನನ್ನ ಪಾಲಿಗೆ ವೈರ್. ಮಿಷನ್ನಿನ ವೈರ್ ಮೇಜಿನ ಮೂಲೆಗೆ ಸಿಕ್ಕಿಕೊಳ್ಳದ ಹಾಗೆ ಯಾರಾದರೂ ಅದನ್ನು ಹೆಗಲ ಮೇಲೆ ಹಾಕಿಕೊಂಡು ಹಿಂದೆ ನಿಲ್ಲಬೇಕಾಗುತ್ತದೆ. ನಾನು ಹಾಗೆ ನಿಲ್ಲುತ್ತಿದ್ದೆ. ಗಿರಾಕಿಗಳು ಮೇಜು ಸವರಿ, “ಏನ್ ಕೈ ಸ್ವಾಮಿ ನಿಮ್ದು!” ಎಂದು ನನ್ನವರನ್ನು ಹೊಗಳುತ್ತಿದ್ದರು. ಅವರು ತಲೆ ತಗ್ಗಿಸುತ್ತಿದ್ದರು. ಎಲ್ಲರೂ ಅದನ್ನು ವಿನಯ ಅಂದುಕೊಳ್ಳುತ್ತಿದ್ದರು. ಕೆಸರೆಲ್ಲ ನನ್ನ ಕೈಗೆ, ಮೊಸರು ಇನ್ನೊಬ್ಬರ ಬಾಯಿಗೆ.

ನಾನು ಕೇಳದೆ ಬಿಡಲಿಲ್ಲ. ಭಾವ ಹೇಳಿದ್ದು ಇದು: “ನೋಡಮ್ಮ, ಹೆಂಗಸ್ರು ಮಿಷನ್ ಹಿಡ್ದಿದ್ದು ಕಂಡ್ರೆ ಗಿರಾಕಿ ಏನಂದ್ಕೋತಾರೆ? ಈ ಮನೇಲಿ ಗಂಡಸ್ರಿಗೆ ಕೈ ಇಲ್ವಾ ಅನ್ನಲ್ವಾ?” ಮನೆಯ ಹಿಟ್ಟಿನ ಗಿರಣಿ ಚೀಲ, ಗ್ಯಾಸ್ ಸಿಲಿಂಡರ್ ಎಲ್ಲ ಹೆಂಗಸರು ಎತ್ತುವಾಗ ಈ ಗಿರಾಕಿಗಳ ಯೋಚನೆ ಅವರಿಗೆ ಬರುತ್ತಿರಲಿಲ್ಲ.

ಹೀಗಿರುವಾಗ ಆಯನೂರಿನಿಂದ ಒಬ್ಬರು ಟೀಚರಮ್ಮ ಬಂದರು. ರಿಟೈರ್ ಆದವರು. ಅವರ ಹಿತ್ತಲಲ್ಲಿ ಬಿದ್ದ ಹಲಸಿನ ಮರ ಕೊಯ್ಯಿಸಿ, ಊಟದ ಮೇಜು ಮಾಡಿಸಲು ನಮ್ಮಲ್ಲಿಗೆ ಕಳಿಸಿದ್ದರು. ಆವತ್ತು ಅಂಗಡಿಯ ಮುಂದೆ ಟೆಂಪೋ ಅಡ್ಡ ನಿಂತಿತ್ತು, ಅವರು ಹಿಂದಿನ ಓಣಿಯಿಂದ ನೇರ ಶೆಡ್ಡಿಗೆ ಬಂದುಬಿಟ್ಟರು. ಭಾವನಿಗೆ ಕೆಮ್ಮಲು ಪುರುಸೊತ್ತೇ ಸಿಗಲಿಲ್ಲ. ನಾನು ಒಂದು ಬಾಗಿಲು ಉಜ್ಜುತ್ತಿದ್ದೆ. ಸ್ವಿಚ್ ಆರಿಸುವವರೆಗೆ ಅವರು ನಿಂತು ನೋಡಿದರು. ಆಮೇಲೆ ಬಾಗಿಲನ್ನು ಸವರಿ, “ಇದು ನಿನ್ ಕೆಲ್ಸನಾ ತಾಯಿ?” ಅಂದರು. ಹೌದು ಅಂದೆ. ಅಷ್ಟರಲ್ಲಿ ಓಡಿ ಬಂದ ಭಾವನಿಗೆ ಹೇಳಿದರು, “ನನ್ ಮೇಜು ಈ ಹುಡ್ಗಿನೇ ಉಜ್ಜಬೇಕು ನೋಡಿ. ಬೇರೆಯವ್ರ ಕೈ ಬೇಡ.”

“ಆಗ್ಲಿ ಮೇಡಂ, ಅದಕ್ಕೇನಂತೆ” ಎಂದು ಭಾವ ಹಲ್ಲು ಕಿರಿದರು. ಟೀಚರಮ್ಮ ಹೋದ ಮೇಲೆ ಅದೇ ಹಲ್ಲು ಕಡಿದರು. ನನ್ನವರ ಕಡೆ ತಿರುಗಿ, “ಇದೊಂದು ಸಲ ಮಾಡ್ಲಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಪಾಲಿಶ್‌ನೋನೊಬ್ಬನ್ನ ಇಟ್ಕೊಂಡು ಮಿಷನ್ ಅವ್ನ ಕೈಗೆ ಕೊಡ್ತೀನಿ. ಇವ್ಳು ಮೇಲೆ ಅಡುಗೆ ನೋಡ್ಕೊಳ್ಲಿ” ಅಂದರು. ನಾನು ಅಲ್ಲೇ ನಿಂತಿದ್ದೆ. ನನ್ನ ಅಪ್ಪ ಕೊಟ್ಟ ಮಿಷನ್ ನನ್ನ ಕೈಯಲ್ಲಿ ಉಳಿಯಬೇಕಾದರೆ ಆ ಮೇಜು ಕನ್ನಡಿಯಂತೆ ಆಗಬೇಕಿತ್ತು. ನಾನೂ ಹಾಗೇ ಮಾಡುತ್ತೇನೆ ಅಂದುಕೊಂಡೆ. ಒರಟು ಪೇಪರ್, ನಡುವಿನ ಪೇಪರ್ ಎರಡೂ ಮುಗಿಸಿದೆ. ಕೊನೆಯ ನುಣುಪು ಪೇಪರಿನ ಹೊತ್ತಿಗೆ ಆಯುಧಪೂಜೆ ಬಂತು.

ಆಯುಧಪೂಜೆಯ ದಿನ ನಮ್ಮಲ್ಲಿ ಯಾವ ಸಾಮಾನನ್ನೂ ಕೆಲಸಕ್ಕೆ ಮುಟ್ಟುವುದಿಲ್ಲ. ಉಳಿ, ಗರಗಸ, ಕೀಸುಳಿ ಎಲ್ಲ ತೊಳೆದು ಒರೆಸಿ ಹಲಗೆಯ ಮೇಲೆ ಸಾಲಾಗಿ ಇಡುತ್ತಾರೆ, ವಿಭೂತಿ ಕುಂಕುಮ ಹಚ್ಚುತ್ತಾರೆ. ಗಾಡಿಗಳಿಗೆ ನಿಂಬೆಹಣ್ಣು ಇಟ್ಟು ಚಕ್ರ ಹತ್ತಿಸುತ್ತಾರೆ. ನಾನು ಮತ್ತು ನನ್ನ ಓರಗಿತ್ತಿ, ಭಾವನ ಹೆಂಡತಿ, ಮೇಲೆ ಹೋಳಿಗೆಯ ಗಡಿಬಿಡಿಯಲ್ಲಿದ್ದೆವು. ಕೆಳಗಿನಿಂದ ಗಂಡಸರ ನಗು ಜೋರಾಗಿ ಕೇಳಿತು. ಬೂದುಗುಂಬಳಕಾಯಿ ಒಡೆದರೇನೋ ಅಂದುಕೊಂಡೆವು. ಮಂಗಳಾರತಿಗೆ ಇಳಿದು ಬಂದಾಗ ಎಲ್ಲ ಸಾಮಾನಿನ ನಡುವೆ ನನ್ನ ಸ್ಯಾಂಡರ್ ಇತ್ತು. ಮೈಮೇಲೆ ವಿಭೂತಿ, ನೆತ್ತಿಯಲ್ಲಿ ಚೆಂಡುಹೂವು. ನನಗೆ ಕಣ್ಣು ತುಂಬಿ ಬಂತು. ಮನಸ್ಸಿಟ್ಟು ಕೈಮುಗಿದೆ.

ಹಬ್ಬ ಮುಗಿದ ಮೇಲೆ ಮಿಷನ್ ಒರೆಸಿ ಕೈಗೆ ತೆಗೆದುಕೊಂಡರೆ ಅಡಿಯಲ್ಲಿ ಹೊಸ ನುಣುಪು ಪೇಪರ್ ಆಗಲೇ ಅಂಟಿಸಿತ್ತು. ನನ್ನವರು ನನಗೋಸ್ಕರ ಹಚ್ಚಿಟ್ಟಿದ್ದಾರೆ ಅಂದುಕೊಂಡು ಒಳಗೊಳಗೇ ಖುಷಿಪಟ್ಟೆ. ಸಂಜೆಯ ಮಸುಕು ಬೆಳಕಿನಲ್ಲೇ ಮೇಜು ಉಜ್ಜಿದೆ, ಪಾಲಿಶ್ ಹಚ್ಚಿದೆ, ಒಣಗಲು ಬಿಟ್ಟೆ.

ಮರುದಿನ ಬೆಳಿಗ್ಗೆ ಹೆಂಚಿನ ಸಂದಿಯ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಅಯ್ಯೋ ಶಿವನೇ, ಏನದು! ಹಲಸಿನ ಹಳದಿಯ ಮೇಲೆ ಅಲ್ಲಲ್ಲಿ ಮಂಕಾದ ಕೆಂಪು ಕಲೆ. ಆ ಕಲೆಗಳ ಸುತ್ತ ಪಾಲಿಶ್ ಹಿಡಿಯದೆ ಮುದುಡಿಕೊಂಡಿತ್ತು, ಎಣ್ಣೆ ತಟ್ಟೆಗೆ ನೀರು ಹಾಕಿದ ಹಾಗೆ.

ಭಾವ ಬಂದು ನೋಡಿದರು. ಅವರ ಮುಖದಲ್ಲಿ ಬೇಸರ ಕಾಣಲಿಲ್ಲ, ಸಮಾಧಾನ ಕಂಡಿತು, ಅದನ್ನು ನಾನು ಮರೆಯುವುದಿಲ್ಲ. ಪೇಪರಿನಲ್ಲೇ ಏನೋ ಇದೆ ಭಾವ ಅಂದೆ. “ಹೂಂ, ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ” ಎಂದು ಮೇಲೆ ಹೋದರು. ಸ್ವಲ್ಪ ಹೊತ್ತಿಗೆ ಓರಗಿತ್ತಿ ಇಳಿದು ಬಂದು ಶೆಡ್ಡಿನ ಬಾಗಿಲಲ್ಲಿ ಸೆರಗಿನ ತುದಿ ತಿರುಚುತ್ತಾ ನಿಂತಳು.

“ಏನಕ್ಕ?”

“ಬೇಜಾರ್ ಮಾಡ್ಕೋಬೇಡ ಕಣೇ. ಅವ್ರು ಕೇಳ್ಕೊಂಡು ಬಾ ಅಂದ್ರು. ಪೂಜೆ ಆದ ಮಿಷನ್ನಲ್ವಾ... ನೀನೇನಾದ್ರೂ ಹೊರಗಾಗಿದ್ದಾಗ ಮುಟ್ಟಿದ್ಯಾ ಅಂತ.”

ಕೆಲಸದವರು ಗರಗಸ ನಿಲ್ಲಿಸಿದರು. ನನ್ನವರು ಹಲಗೆಯ ಮೇಲೆ ಗೆರೆ ಎಳೆಯುತ್ತಲೇ ಇದ್ದರು. ನನಗೆ ನೆತ್ತಿಯಿಂದ ಪಾದದವರೆಗೆ ಬೆಂಕಿ ಹತ್ತಿತು. ನಮ್ಮ ಮತದಲ್ಲಿ ಸೂತಕ ಇಲ್ಲ, ಮೈಲಿಗೆ ಇಲ್ಲ, ಶರಣರು ಅದನ್ನೆಲ್ಲ ಯಾವ ಕಾಲಕ್ಕೋ ತೊಳೆದುಹಾಕಿದ್ದಾರೆ ಎಂದು ಮೈಕ್ ಸಿಕ್ಕಿದಲ್ಲೆಲ್ಲ ಭಾಷಣ ಬಿಗಿಯುವವರು ನಮ್ಮ ಭಾವ. ಮೇಜಿನಲ್ಲೊಂದು ಕಲೆ ಕಂಡ ಕೂಡಲೇ ಅವರಿಗೆ ನೆನಪಾಗಿದ್ದು ನನ್ನ ಮುಟ್ಟು! ಅದನ್ನೂ ಎದುರು ನಿಂತು ಕೇಳುವ ಧೈರ್ಯ ಇಲ್ಲ, ಪಾಪದ ಹೆಂಡತಿಯ ಬಾಯಲ್ಲಿ ಕೇಳಿಸಿದರು. ಅವಳಿಗೆ ನಾನೇನೂ ಅನ್ನಲಿಲ್ಲ. ಅವಳ ಕಣ್ಣಲ್ಲಿ ಆಗಲೇ ನೀರಿತ್ತು.

ಮಿಷನ್ ಮಗುಚಿ ಹಾಕಿ ಪೇಪರನ್ನು ಚರ್ರನೆ ಕಿತ್ತೆ. ಪ್ಯಾಡಿನ ತುಂಬ ಕುಂಕುಮ! ಎಣ್ಣೆಯಲ್ಲಿ ಕಲಸಿ ಮೆತ್ತಿದ ಕುಂಕುಮ, ತಿರುಗಿ ಬಿಸಿಯಾಗಿ ತೂತುಗಳಿಂದ ಇಳಿದು ಪೇಪರಿನ ಬೆನ್ನನ್ನೆಲ್ಲ ನೆನೆಸಿತ್ತು. ಒಂದು ತೂತಿನಲ್ಲಿ ಏನೋ ಬೆಳ್ಳಗೆ ಸಿಕ್ಕಿಕೊಂಡಿತ್ತು. ತಲೆಯ ಹೇರ್‌ಪಿನ್ ತೆಗೆದು ಎಬ್ಬಿಸಿದೆ. ನಿಂಬೆಹಣ್ಣಿನ ಬೀಜ.

“ರೀ, ಏನಿದು?” ಅಂದೆ.

ನನ್ನವರು ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿದರು, ತೆಗೆದರು, ಮತ್ತೆ ಸಿಕ್ಕಿಸಿದರು. ಆಮೇಲೆ ಒಂದೊಂದೇ ಮಾತು ಹೊರಬಂತು. ಹಬ್ಬದ ದಿನ ಭಾವ ಸ್ಕೂಟರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಮುಗಿಸಿ, ಇದೂ ತಿರುಗೋ ಗಾಡಿನೇ ಅಲ್ವಾ ಎಂದು ಸ್ಯಾಂಡರ್ ಎತ್ತಿಕೊಂಡರಂತೆ. ತಿರುಗುವ ಭಾಗಕ್ಕೇ ಕುಂಕುಮ ಬೀಳಬೇಕು ಎಂದು ಹಳೆಯ ಪೇಪರ್ ಕಿತ್ತು, ಉದುರದ ಹಾಗೆ ಹರಳೆಣ್ಣೆಯಲ್ಲಿ ಕಲಸಿ ಪ್ಯಾಡಿಗೆ ಬಳಿದರಂತೆ. ಅಡಿಗೆ ನಿಂಬೆಹಣ್ಣು ಇಟ್ಟು ಸ್ವಿಚ್ ಹಾಕಿದರೆ ಅದು ಹಾರಿ ಹೋಗಿ ಕ್ಯಾಲೆಂಡರಿಗೆ ಬಡಿಯಿತಂತೆ. ಸೋಲಬಾರದಲ್ಲ! ಇನ್ನೊಂದನ್ನು ಹೋಳು ಮಾಡಿ ಅದರ ಮೇಲೆ ಒತ್ತಿದರಂತೆ. ರಸ ಅವರ ಕಣ್ಣಿಗೇ ಹಾರಿತಂತೆ, ಎಲ್ಲರೂ ನಕ್ಕರಂತೆ. ಕೊನೆಗೆ ಪೂಜೆ ಚೆಂದ ಕಾಣಲಿ ಎಂದು ಅದರ ಮೇಲೇ ಹೊಸ ಪೇಪರ್ ಅಂಟಿಸಿಟ್ಟರಂತೆ.

“ನೀವು ಅಲ್ಲೇ ಇದ್ರಾ?”

“ಅಣ್ಣ ಖುಷೀಲಿದ್ದ. ಪೂಜೆ ದಿನ ಏನ್ ಹೇಳೋದು ಅಂತ ಸುಮ್ನಾದೆ.”

“ಇವತ್ತು ಪೂಜೆನಾ? ಅಕ್ಕ ಬಂದು ಎಲ್ಲರೆದ್ರು ನನ್ನ ಮೈಲಿಗೆ ಕೇಳ್ದಾಗ್ಲೂ ಇಲ್ಲೇ ಇದ್ರಲ್ಲ. ಆಗ ಬಾಯಲ್ಲೇನ್ ಕಡುಬು ಇಟ್ಕೊಂಡಿದ್ರಾ?”

“ಬಿಡು ಮಾರಾಯ್ತಿ, ಪೂಜೆಗೆ ಬಯ್ಯೋಕಾಗತ್ತಾ...”

ಭಾವ ಪೂಜೆ ಮಾಡಿದ್ದಕ್ಕೆ ನನಗೆ ಬಂದ ಸಿಟ್ಟು ಒಂದು ತೂಕವಾದರೆ, ಈ ಮನುಷ್ಯ ಸುಮ್ಮನಿದ್ದುದಕ್ಕೆ ಬಂದದ್ದು ಹತ್ತು ತೂಕ. ಗೊತ್ತಿಲ್ಲದವರು ಅಂದರೆ ತಡೆದುಕೊಳ್ಳಬಹುದು. ಗೊತ್ತಿದ್ದೂ ಗೆರೆ ಎಳೆಯುತ್ತಾ ಕೂತವರನ್ನು ಏನು ಮಾಡುವುದು?

ಮುಂದಿನ ಅಂಗಡಿಗೆ ಹೋದೆ. ಭಾವ ಪಕ್ಕದ ಬಟ್ಟೆ ಅಂಗಡಿಯವರ ಜೊತೆ ಹರಟುತ್ತಿದ್ದರು. ಅವರ ಮೇಜಿನ ಗಾಜಿನ ಮೇಲೆ ಬೀಜ ಇಟ್ಟೆ.

“ಕೇಳಿ ಕಳ್ಸಿದ್ರಲ್ಲ ಭಾವ. ಈ ಬೀಜ ನನ್ ಮೈಲಿಗೆಯಿಂದ ಬಂದಿದ್ದಾ?”

ಅವರು ಬೀಜ ನೋಡಿದರು, ಬಟ್ಟೆ ಅಂಗಡಿಯವರನ್ನು ನೋಡಿದರು, ಆಮೇಲೆ ನಗಲು ನೋಡಿದರು. “ದೇವ್ರ ಕಾರ್ಯದ್ದು ಕಣಮ್ಮ. ಪ್ರಸಾದ ಅಂದ್ಕೋ.”

“ಪ್ರಸಾದ ಆದ್ರೆ ನೀವೇ ತಗೊಳ್ಳಿ. ಮಿಷನ್ನಿಗೆ ಉಜ್ಜೋ ಬದ್ಲು ಶರಬತ್ತು ಮಾಡಿದ್ರೆ ಹತ್ತು ಜನ ಕುಡೀತಿದ್ರು.”

ಬಟ್ಟೆ ಅಂಗಡಿಯವರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಎದ್ದು ಹೋದರು. ಭಾವನ ನಗು ಆರಿತು. “ಮಾತು ಜಾಸ್ತಿ ಆಯ್ತು. ಮಿಷನ್ ಇಲ್ಲಿ ಇಡು. ಮುಂದಿನ ವಾರದಿಂದ ಪಾಲಿಶ್‌ನೋನು ಬರ್ತಾನೆ” ಅಂದರು. ತಪ್ಪು ಯಾರದೆಂದು ಕಣ್ಣೆದುರು ಇಟ್ಟ ಮೇಲೂ ಶಿಕ್ಷೆ ಮಾತ್ರ ಮೊದಲಿನದೇ! ನಾನು ಶೆಡ್ಡಿಗೆ ಹೋಗಿ, ಮಿಷನ್ನನ್ನು ಅಪ್ಪ ತಂದಿದ್ದ ಅದೇ ಚೀಲಕ್ಕೆ ಹಾಕಿ, ಭದ್ರಾವತಿ ಬಸ್ ಹತ್ತಿದೆ.

ಅಪ್ಪನ ಮೊದಲ ಪ್ರಶ್ನೆ ಏನು ಗೊತ್ತೇ? “ಒತ್ತಿದ್ಯಾ?”

“ಅಪ್ಪಾ, ನೀನೂನಾ!” ಎಂದು ಅಲ್ಲಿಯವರೆಗೆ ತಡೆದಿದ್ದ ಅಳುವೆಲ್ಲ ಅವರ ಜಗುಲಿಯಲ್ಲಿ ಹರಿಯಿತು. ಅಪ್ಪ ಪ್ಯಾಡ್ ಮೂಸಿ ನೋಡಿ, ಹರಳೆಣ್ಣೆ ಅಂದರು. ಮಿಷನ್ನಿನ ಜೊತೆ ಬಂದಿದ್ದ ಇನ್ನೊಂದು ಪ್ಯಾಡನ್ನು ಟ್ರಂಕಿನಿಂದ ತೆಗೆದು ಹಾಕಿಕೊಟ್ಟರು. ಮೊದಲು ಮೇಜನ್ನು ಥಿನ್ನರಿನಲ್ಲಿ ಒರೆಸು, ಎಣ್ಣೆ ಎದ್ದ ಮೇಲೆ ಉಜ್ಜು ಎಂದು ಹೇಳಿದರು. ಅಮ್ಮ, “ಎರಡು ದಿನ ಇಲ್ಲೇ ಇರು, ಅವ್ರೇ ಕರೆಯೋಕೆ ಬರ್ತಾರೆ. ಬುದ್ಧಿ ಬರ್ಲಿ” ಅಂದಳು.

“ನಾನ್ಯಾಕಮ್ಮ ಇಲ್ಲಿರ್ಲಿ? ಮೇಜು ಅಲ್ಲಿದೆ” ಎಂದು ಸಂಜೆಯ ಬಸ್ಸಿಗೇ ವಾಪಸ್ ಬಂದೆ.

ಮರುದಿನ ಬೆಳಿಗ್ಗೆ ಭಾವ ಸ್ನಾನಕ್ಕೆ ಹೋದಾಗ ಕೆಲಸದವರಿಗೆ ಹೇಳಿ ಮೇಜನ್ನು ಶೆಡ್ಡಿನಿಂದ ಎತ್ತಿಸಿದೆ. ಅಂಗಡಿಯ ಮುಂದೆ, ರಸ್ತೆಗೆ ಕಾಣುವ ಕಟ್ಟೆಯ ಮೇಲೆ ಇಡಿಸಿದೆ. ಥಿನ್ನರಿನಲ್ಲಿ ಒರೆಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಿಷನ್ ಹಚ್ಚಿದೆ. ಬಜಾರು ನಿಂತು ನೋಡಿತು. ಬಾಳೆಹಣ್ಣಿನ ಗಾಡಿಯವನು ಗಾಡಿ ಬಿಟ್ಟು ಬಂದ. ಮೂಟೆ ಹೊತ್ತ ಹಮಾಲಿಯೊಬ್ಬ, “ಅರೇ ಅಕ್ಕಾ, ಜಬರ್ದಸ್ತ್ ಐತಲ್ಲ ಮಿಷನ್ನು!” ಎಂದು ಕೂಗಿದ. ಒಬ್ಬರೂ ನಮ್ಮ ಮನೆಯ ಗಂಡಸರಿಗೆ ಕೈ ಇದೆಯೋ ಇಲ್ಲವೋ ಎಂದು ಕೇಳಲಿಲ್ಲ. ಒರಟು, ನಡುವಿನದು, ನುಣುಪು, ಒಂದೊಂದೇ ಪೇಪರ್ ಬದಲಿಸುತ್ತಾ ಹೋದೆ. ಕೆಂಪು ಮಾಸುತ್ತಾ ಬಂದು ಹಲಸಿನ ಹಳದಿ ಎದ್ದಿತು.

ಕೊನೆಯ ಪೇಪರ್ ಅಂಟಿಸುತ್ತಿದ್ದಾಗ ಟೀಚರಮ್ಮ ಬಂದರು. ಸ್ನಾನ, ಪೂಜೆ, ತಿಂಡಿ ಮುಗಿಸಿ ಭಾವನೂ ಹೊರಗೆ ಬಂದರು. ಅವರಿಗೆ ನಾನು ಕಂಡೆ, ಮೇಜು ಕಂಡಿತು, ಜನ ಕಂಡರು. ಅವರು ಕೆಮ್ಮಿದರು. ಅದೇ ಕೆಮ್ಮು. ಇಷ್ಟು ಆದ ಮೇಲೂ! ಅಭ್ಯಾಸಬಲ ನೋಡಿ, ಒಳಗಿದ್ದ ನನ್ನವರು ಆ ಕೆಮ್ಮಿಗೆ ಎದ್ದು ಬಂದು ಹೊಸ್ತಿಲ ಮೇಲೆ ನಿಂತರು.

“ಏನು, ನನ್ ಮೇಜು ಇನ್ನೂ ಆಗಿಲ್ವಾ?” ಅಂದರು ಟೀಚರಮ್ಮ.

“ಆಯ್ತು ಮೇಡಂ, ಆಯ್ತು” ಎಂದು ಭಾವ ಮುಂದೆ ಬಂದರು. “ಹೆಂಗಸ್ರ ಕೈ ನೋಡಿ, ಸ್ವಲ್ಪ ಕೆಟ್ಟಿತ್ತು. ಈಗ ನಮ್ ತಮ್ಮನೇ ಎಲ್ಲ ಸರಿ ಮಾ...”

ನಾನು ಸ್ವಿಚ್ ಒತ್ತಿದೆ.

ಮಿಷನ್ನಿನ ಸದ್ದಿನಲ್ಲಿ ಭಾವನ ಬಾಯಿ ಮಾತ್ರ ಆಡುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ನನ್ನವರು ಹೊಸ್ತಿಲು ಇಳಿದು ನನ್ನ ಕಡೆ ಬರುವುದು ಓರೆಗಣ್ಣಿಗೆ ಕಂಡಿತು. ಎಂದಿನಂತೆ ಕೈ ಚಾಚುತ್ತಾರೆ ಅಂದುಕೊಂಡು ಮಿಷನ್ನನ್ನು ಇನ್ನೂ ಬಿಗಿಯಾಗಿ ಹಿಡಿದೆ. ಕೊಡುವುದಿಲ್ಲ, ಇವತ್ತು ಪ್ರಾಣ ಹೋದರೂ ಕೊಡುವುದಿಲ್ಲ ಅಂದುಕೊಂಡೆ. ಅವರು ಕೈ ಚಾಚಲಿಲ್ಲ. ಬಗ್ಗಿ, ನನ್ನ ಕಾಲ ಬಳಿ ಎಳೆದಾಡುತ್ತಿದ್ದ ವೈರ್ ಎತ್ತಿ ಹೆಗಲ ಮೇಲೆ ಹಾಕಿಕೊಂಡು, ಇಡೀ ಬಜಾರಿನ ಎದುರು ನನ್ನ ಬೆನ್ನ ಹಿಂದೆ ನಿಂತರು.

ಟೀಚರಮ್ಮ ವೈರ್ ಯಾರ ಹೆಗಲ ಮೇಲಿದೆ ಎಂದು ನೋಡಿದರು. ಆಮೇಲೆ ಅಂಗಡಿಯಿಂದ ಒಂದು ಕುರ್ಚಿ ತಾವೇ ಎಳೆದುಕೊಂಡು, ಕೆಲಸ ಮುಗಿಯುವವರೆಗೆ ಕೂತರು. ಭಾವ ಇನ್ನೊಮ್ಮೆ ಕೆಮ್ಮಿದರು. ನನ್ನವರು ಅಲುಗಲಿಲ್ಲ.